ಬಂದೂಕಿಗೆ ಕಾಲು

ಮೆಕ್ಕೆಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ
ನನ್ನ ಎಡಗೈ ನಡುಗತೊಡಗಿತು.
ಮೊದಲು ಚಾ ಲೋಟದಲ್ಲಿ, ಆಮೇಲೆ ಬೈಕಿನ ಹ್ಯಾಂಡಲಿನಲ್ಲಿ,
ಕೊನೆಗೆ ನಳಿಗೆಯ ತುದಿಯಲ್ಲಿ.
ಹದಿನೈದು ಮಾರು ದೂರದ ಹಂದಿಗೆ ಇಟ್ಟ ಗುರಿ
ಬದುವಿನ ತುಗ್ಗಲಿ ಮರಕ್ಕೆ ಬಿತ್ತು.
ಮರ ಏನೂ ಅನ್ನಲಿಲ್ಲ.
ಹಂದಿ ಮಾತ್ರ ನಿಂತು ನೋಡಿತು,
ಗುರುತಿನವರನ್ನು ನೋಡುವ ಹಾಗೆ.

ಚಿಕ್ಕಪ್ಪ ಸಣ್ಣಪಾಲಯ್ಯ ಅಂದ:
"ಒಂದು ಕವೆ ಕಡಕಂಡು ಬಾರೋ.
ಕಗ್ಗಲಿ ಬ್ಯಾಡ, ಭಾರ. ಜಾಲಿ ಬ್ಯಾಡ, ಸೀಳ್ತತಿ.
ಕಾರೆ ನೋಡು, ಎರಡು ಬೆರಳಿನಷ್ಟು ಬಾಯಿ ಇರಬೇಕು.
ಹಸೀದು ತರಬ್ಯಾಡ, ಒಣಗ್ತಾ ಒಣಗ್ತಾ ಮಕ ತಿರುವ್ತತಿ."

ರಂಗಯ್ಯನದುರ್ಗದ ಕಾಡಂಚಿನಲ್ಲಿ ಅರ್ಧ ದಿನ ಅಲೆದೆ.
ಯಾವ ಕವೆಯ ಎರಡು ತೋಳೂ ಒಂದೇ ಅಳತೆಗಿಲ್ಲ.
ಬಂದೂಕನ್ನು ನೆನೆದು ಬೆಳೆಯುವುದಿಲ್ಲ ಗಿಡಗಳು.
ಪೊದೆಯಾಚೆ ಕೊಂಡುಕುರಿಯೊಂದು
ನಾಲ್ಕೂ ಕೊಂಬು ಎತ್ತಿ ನಿಂತಿತ್ತು.
ಯಾಕೋ, ಕುಡುಗೋಲನ್ನು ಬೆನ್ನ ಹಿಂದಕ್ಕೆ ಹಿಡಿದೆ.

ಮಾರನೆಯ ದಿನ ದಾವಣಗೆರೆ.
ಮುಚ್ಚಿದ ಹತ್ತಿ ಮಿಲ್ಲಿನ ಗೋಡೆಗೆ ಒರಗಿದ
ದಾದಾಪೀರನ ಲೇತ್ ಅಂಗಡಿ.
"ಮಲಗಿ ಹೊಡೀತೀರೋ, ಕುಂತು ಹೊಡೀತೀರೋ?"
ಇಪ್ಪತ್ತಾರು ವರ್ಷ ಲೈಸೆನ್ಸ್ ನವೀಕರಿಸಿದವರು
ಎಷ್ಟು ಎಕರೆ, ಎಷ್ಟು ತೋಟಾ, ಕೇಸು ಉಂಟೇ ಎಂದು ಕೇಳಿದ್ದರು.
ಹೇಗೆ ಕೂರುತ್ತೀ ಎಂದು ಯಾರೂ ಕೇಳಿರಲಿಲ್ಲ.

"ಕುಂತು," ಅಂದೆ. "ಬದುವಿನ ಮ್ಯಾಲೆ, ಗೋಣಿಚೀಲ ಹಾಸ್ಕಂಡು."
"ಹಂಗಾದ್ರೆ ಕುಂತು ತೋರ್ಸಿ."
ಕಬ್ಬಿಣದ ಸುರುಳಿಗಳ ನಡುವೆ ಕೂತೆ,
ಪೊರಕೆಯನ್ನು ಹೆಗಲಿಗೆ ಆನಿಸಿ, ಒಂದು ಕಣ್ಣು ಮುಚ್ಚಿ.
ಹುಡುಗರು ನಕ್ಕರು. ಅವನು ನಗದೆ
ನೆಲದಿಂದ ಪೊರಕೆಗೆ ಟೇಪು ಹಿಡಿದ:
ಇಪ್ಪತ್ತೆರಡೂವರೆ ಇಂಚು.

ಸರಳು ಬೆಸೆದರೆ ತೂಕ, ಮೂತಿ ಜಗ್ಗುತ್ತದೆ.
ಸ್ಟೀಲು ಬೆಳದಿಂಗಳಲ್ಲಿ ಮಿಂಚುತ್ತದೆ, ಹಂದಿಗೆ ಮುಂಚೆಯೇ ಸುದ್ದಿ.
ತಳಕ್ಕೆ ಮೊಳೆಯೋ ರಬ್ಬರೋ?
"ಹೊಲ ಎರೆಯೋ, ಕೆಂಪೋ?"
ಕೆಂಪು, ಅಂದೆ. ಕಲ್ಲು ಜಾಸ್ತಿ.
ಮೊಳೆ ಕಲ್ಲಿಗೆ ತಾಗಿದರೆ ಕಿರ್ ಅನ್ನುತ್ತದೆ.
ಊರುಗೋಲಿನ ರಬ್ಬರು ಟೋಪಿ ಇದೆ, ಜೋಡಿಗೆ ನಲವತ್ತು.

ಕೊನೆಗೆ ಅಟ್ಟದಿಂದ ಇಳಿಸಿದ,
ಬಾಗಿಲು ಹಾಕಿದ ಯಾವುದೋ ಫೋಟೋ ಸ್ಟುಡಿಯೋದ
ಮೂರು ಕಾಲಿನ ಸ್ಟ್ಯಾಂಡು.
ಎಷ್ಟು ಮದುವೆಗಳನ್ನು ಅಲುಗದೆ ನೋಡಿತ್ತೋ.
ಒಂದು ಕಾಲು ಕಳಚಿ ಉಳಿದೆರಡಕ್ಕೆ ಕಪ್ಪು ಬಳಿದ.
"ಮೂರನೇ ಕಾಲು ನೀವೇ," ಅಂದ, ದುಡ್ಡು ಎಣಿಸುತ್ತ.
ಕಳಚಿದ್ದು ಅಂಗಡಿಯ ಹಿಂಬಾಗಿಲಿಗೆ ಅಗಳಿಯಾಯಿತು.

ನಾಲ್ಕು ದಿನ ಕಳೆದಿಲ್ಲ, ಪಂಚಾಯ್ತಿ ಎಲೆಕ್ಷನ್ ಬಂತು.
ಲೈಸೆನ್ಸಿನ ಬಂದೂಕುಗಳೆಲ್ಲ ಠಾಣೆಗೆ ಜಮಾ.
ಜಗಳೂರಿನ ಠಾಣೆಯಲ್ಲಿ ಸಾಲು.
ರೈಟರು ಬರೆದುಕೊಂಡ: ನಂಬರು, ಒಂಟಿ ನಳಿಗೆ, ಪಟ್ಟಿ ಹರಿದಿದೆ.
"ಇದೇನು?"
"ಕಾಲು, ಸಾರ್."
ಪುಸ್ತಕವನ್ನು ಒಮ್ಮೆ ಆಚೆ, ಒಮ್ಮೆ ಈಚೆ ನೋಡಿದ.
"ಕಾಲಿಗೆ ಕಾಲಂ ಇಲ್ಲ. ಬಿಚ್ಕೊಂಡು ಹೋಗು."

ಬಿಚ್ಚಿದ ಕಾಲುಗಳನ್ನು ಕಂಕುಳಲ್ಲಿ ಅವುಚಿ
ಬಸ್ಸಿಳಿದಾಗ ಗಂಗಮಾಳಮ್ಮ ಕೇಳಿದಳು,
"ಯಾರ ಮನೆ ಕುರ್ಚಿ ಮುರಿದ್ರಿ?"
ರಾತ್ರಿ ಅವಳೇ ಸೈಕಲ್ ಟ್ಯೂಬು ಹರಿದು
ದೊಡ್ಡ ಟಾರ್ಚನ್ನು ಅದರ ನೆತ್ತಿಗೆ ಬಿಗಿದಳು.
ಕೈಬಿಟ್ಟರೆ ಬೀಳುತ್ತಿತ್ತು.
ಹಿಂದೆ ಕೂತು ಹಿಡಿದರೆ ನಿಲ್ಲುತ್ತಿತ್ತು.

ಎರಡನೇ ಜಾವ. ತೆನೆ ಮುರಿಯುವ ಸದ್ದು.
ಸ್ವಿಚ್ಚು ಒತ್ತಿದೆ.
ತಾಯಿ ಹಂದಿ, ಸುತ್ತ ಗೆರೆಗೆರೆಯ ಏಳು ಮರಿ.
ಬೆಳಕು ಅವಳ ಎರಡು ಕಣ್ಣ ನಡುವೆ
ಮೊಳೆ ಹೊಡೆದ ಹಾಗೆ ನಿಂತಿತು.
ಕೂದಲೆಳೆಯಷ್ಟೂ ಅಲುಗಲಿಲ್ಲ, ನೋಡು ಗಂಗಮಾಳಿ,
ಇಷ್ಟು ನೆಟ್ಟಗೆ ನಾನು ಹರೆಯದಲ್ಲೂ ಹಿಡಿದವನಲ್ಲ.

ಹಂದಿ ತೆನೆಯನ್ನು ಬಾಯಲ್ಲಿ ಇಟ್ಟುಕೊಂಡೇ
ಸ್ವಲ್ಪ ಹೊತ್ತು ಯೋಚಿಸಿತು.
ಆಮೇಲೆ ಅಗಿಯಿತು.

ಎಣಿಕೆಗೆ ಇನ್ನೂ ಹನ್ನೊಂದು ದಿನ.